ನಮ್ಮ ತಾತ ರೈತ

(ಹಾಸ್ಟೆಲ್ ಹುಡುಗರ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದು ಅಂತ ಕರೆದಿರಿ. ಇವತ್ತು ಕವಿತೆ ಇಲ್ಲ. ಹೋದ ತಿಂಗಳು ನಮ್ಮ ತಾತ ತೀರಿಕೊಂಡ. ಅವನ ವಿಚಾರ ನಾಲ್ಕು ಮಾತಾಡ್ತೀನಿ. ಏಕವಚನದಲ್ಲಿ ಕರೀತಾನೆ ಅಂತ ತಪ್ಪು ತಿಳೀಬೇಡಿ. ನಮ್ಮ ಕೇರೀಲಿ ಪ್ರೀತಿಗೆ ಬಹುವಚನ ಇಲ್ಲ. ಊರೊಳಗಿನ ಮೀಸೆ ಬಾರದ ಹುಡುಗರೂ ಅವನನ್ನ 'ಬಾರ್ಲಾ ಹೋಗ್ಲಾ' ಅಂತಿದ್ದರಲ್ಲ, ಆ ಏಕವಚನದ ಲೆಕ್ಕ ಬೇರೆ.

ಸಾವು ಬರೆಸೋಕೆ ಹೋದಾಗ ಫಾರಂನಲ್ಲಿ ಒಂದು ಕಾಲಂ ಇತ್ತು. ಮೃತರ ಕಸುಬು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಯಾಕೆ ನಿಂತಿತು ಅಂತ ಆಮೇಲೆ ಹೇಳ್ತೀನಿ.

ತೊಂಬತ್ತರ ಹತ್ತಿರ ಹತ್ತಿರ ಬದುಕಿದ. ಸರಿಯಾದ ವಯಸ್ಸು ಅವನಿಗೇ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನ ಪ್ರಕಾರ ನಮ್ಮ ಕೇರಿಯ ಮುದುಕರೆಲ್ಲ ಜನವರಿ 1ನೇ ತಾರೀಕೇ ಹುಟ್ಟಿದವರು! 1947ರಲ್ಲಿ ಸ್ವಾತಂತ್ರ್ಯ ಬಂದಾಗ ಧಣಿ ಮನೆ ದನ ಮೇಯಿಸ್ತಿದ್ದೆ, ಮಿಠಾಯಿ ಹಂಚಿದರು, ನಮಗೆ ದೂರದಿಂದ ಎಸೆದರು ಅಂತಿದ್ದ. ಅಷ್ಟು ಗೊತ್ತು.

ನಂಜನಗೂಡು ತಾಲೂಕಿನಲ್ಲಿ ಮಳೆ ನಂಬಿಕೊಂಡಿರೋ ಹಳ್ಳಿ ನಮ್ಮದು. ಅವರಪ್ಪ ಮಾಡಿದ ಸಾಲಕ್ಕೆ ತಾತ ಜೀತಕ್ಕೆ ಬಿದ್ದ. ನೇಗಿಲು ಹಿಡಿಯೋದು ಕಲಿತಿದ್ದು ಇನ್ನೊಬ್ಬರ ಹೊಲದಲ್ಲಿ. ಅರವತ್ತರ ದಶಕದಲ್ಲಿ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿ ಕೈಗೆ ಸಾಗುವಳಿ ಚೀಟಿ ಬಂತು. ಹೊಲ ಅಂದರೆ ಬರೀ ಕಲ್ಲು. ಹಗಲು ಧಣಿ ಹೊಲ, ರಾತ್ರಿ ಬೆಳುದಿಂಗಳಲ್ಲಿ ತನ್ನ ಹೊಲ. ಕಲ್ಲು ಆಯ್ದು ಆಯ್ದು ಸುತ್ತಲೂ ಬದು ಹಾಕಿದ. ಆ ಬದು ಇವತ್ತೂ ಸೊಂಟದ ಮಟ್ಟ ಇದೆ.

ರಾಗಿ ಬಿತ್ತಿದರೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕದೆ ಬಿಡ್ತಿರಲಿಲ್ಲ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆಯಾದರೂ ಮಡಕೆಗೆ ಬರಬೇಕು ಅಂತ ಅವನ ಲೆಕ್ಕ. ಈಗ ಮಿಶ್ರ ಬೆಳೆ ಅಂತ ಶಿಬಿರ ಮಾಡ್ತಾರೆ, ಊಟ ಹಾಕ್ತಾರೆ, ಫೋಟೋ ತೆಗೀತಾರೆ. ತಾತನನ್ನ ಯಾರೂ ಕರೀಲಿಲ್ಲ.

ಅಜ್ಜಿ ಹೆರಿಗೆಯಲ್ಲಿ ಹೋದಳು. ನಾಲ್ಕು ಮಕ್ಕಳು, ಮೂರು ಹೆಣ್ಣು, ಕೊನೆಯವನು ನಮ್ಮಪ್ಪ. ತಾತ ಇನ್ನೊಂದು ಮದುವೆ ಆಗಲಿಲ್ಲ. ತಾನೇ ಹಿಟ್ಟು ತೊಳಸಿದ, ಉಪ್ಸಾರು ಮಾಡಿದ. ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ. ಕೇರಿ ಗಂಡಸರು ಕಿಸಕ್ಕನೆ ನಗೋರಂತೆ. "ಹಗ್ಗ ಹೊಸೆಯೋನಿಗೆ ಜಡೆ ಏನು ಕಷ್ಟವಾ?" ಅನ್ನೋನಂತೆ. ಆದರೆ ಒಂದು ಮಾತು ಮುಚ್ಚಿಡಬಾರದು. ಇಸ್ಕೂಲಿಗೆ ಕಳಿಸಿದ್ದು ನಮ್ಮಪ್ಪನೊಬ್ಬನನ್ನೇ. ದೊಡ್ಡತ್ತೆ ಇದನ್ನ ಎತ್ತಿ ಆಡಿದಾಗೆಲ್ಲ ತಾತ ತಲೆ ಬಗ್ಗಿಸಿ ಬೀಡಿ ಹಚ್ಚುತ್ತಿದ್ದ. ಉತ್ತರ ಇರಲಿಲ್ಲ ಅವನ ಹತ್ತಿರ.

ಆ ದೊಡ್ಡತ್ತೆ ಮದುವೆಗೇ ಹೊಲ ಹೋಗಿದ್ದು. ಭೋಗ್ಯ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಪತ್ರದಲ್ಲಿ ಇದ್ದದ್ದು ಕ್ರಯ. ದುಡ್ಡು ಹೊಂದಿಸಿಕೊಂಡು ಬಿಡಿಸೋಕೆ ಹೋದಾಗ ಗೊತ್ತಾಯ್ತು. ಆಮೇಲೆ ವರ್ಷಗಟ್ಟಲೆ ತಾನು ಕಲ್ಲು ಆಯ್ದ ಹೊಲಕ್ಕೆ ತಾನೇ ಕೂಲಿಗೆ ಹೋದ. ತಾನು ಹಾಕಿದ ಬದುವಿನ ಮೇಲೆ ಕೂತು ಕೂಲಿ ಹಿಟ್ಟು ತಿಂದ.

1978ರ ಕಾಯಿದೆ ನೀವು ಕೇಳಿರ್ತೀರಿ, ಪಿ.ಟಿ.ಸಿ.ಎಲ್. ಅಂತಾರೆ. 1979ರ ಜನವರಿಯಿಂದ ಜಾರಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಷರತ್ತು ಮುರಿದು ಯಾರಾದರೂ ಕೊಂಡಿದ್ದರೆ ಆ ಕ್ರಯ ಶೂನ್ಯ, ಕಾಯಿದೆಗೆ ಮುಂಚೆ ಕೊಂಡಿದ್ದರೂ ಅಷ್ಟೇ. ಇದನ್ನ ಕೇರಿಗೆ ತಂದೋನು ಮೈಸೂರಲ್ಲಿ ಹಾಸ್ಟೆಲಿನಲ್ಲಿದ್ದ ನಮ್ಮ ಕೇರಿ ಹುಡುಗ. ಮುಟ್ಟಿದರೆ ಕೈಗೆ ಮಸಿ ಹತ್ತುವ ಇಂಥದೇ ಹಾಳೆಯಿಂದ ದೀಪದ ಬೆಳಕಲ್ಲಿ ಓದಿ ಹೇಳಿದನಂತೆ. ಅರ್ಜಿ ಬರೆದವನೂ ಅವನೇ. ಕೊಂಡವರು ಕಾಯಿದೆಯೇ ಸರಿಯಿಲ್ಲ ಅಂತ ಕೋರ್ಟು ಹತ್ತಿದರು. 1984ರಲ್ಲಿ ಸುಪ್ರೀಂ ಕೋರ್ಟು ಕಾಯಿದೆ ಎತ್ತಿ ಹಿಡೀತು. ಆಮೇಲೂ ತಾತ ಮೈಸೂರಿನ ಎ.ಸಿ. ಕಚೇರಿಗೆ ಎಷ್ಟು ಸಲ ಅಲೆದನೋ. ಅಂತೂ ಸರ್ವೆಯವರು ಬಂದು ಚೈನು ಹಿಡಿದು ಅಳೆದುಕೊಟ್ಟರು. ಅವತ್ತು ರಾತ್ರಿ ತಾತ ಮನೆಗೆ ಬರಲಿಲ್ಲ, ಹೊಲದಲ್ಲೇ ಮಲಗಿದ.

ನಿಮ್ಮ ಮನೆ ಟ್ರಂಕುಗಳನ್ನ ಒಂದ್ಸಲ ತೆಗೆದು ನೋಡಿ. ಇರೋ ಕಾಗದ ಸಾಗುವಳಿ ಚೀಟಿಯೋ, ತೋಟಿ ಇನಾಮ್ತಿಯದೋ ನೋಡಿ. ವಂಶಪಾರಂಪರ್ಯ ಚಾಕರಿಯ ಇನಾಮು ಈ ಕಾಯಿದೆಯೊಳಗೆ ಬರಲ್ಲ. ಊರ ಚಾಕರಿ ಮಾಡಿಸಿಕೊಂಡ ಭೂಮಿಗೇ ರಕ್ಷಣೆ ಇಲ್ಲ, ಇದ್ಯಾವ ನ್ಯಾಯವೋ! ಇನ್ನೊಂದು. 2017ರಲ್ಲಿ ಸುಪ್ರೀಂ ಕೋರ್ಟು ಬಹಳ ತಡವಾಗಿ ಬಂದ ಅರ್ಜಿ ನಿಲ್ಲೋದಿಲ್ಲ ಅಂತು. 2023ರಲ್ಲಿ ಕಾಯಿದೆ ತಿದ್ದಿ ಕಾಲಮಿತಿ ಇಲ್ಲ ಅಂತ ಸೇರಿಸಿದರು. ಆದರೂ 'ತಡ ಮಾಡಿದಿರಿ' ಅನ್ನೋ ವಾದ ಕೋರ್ಟಿನಲ್ಲಿ ಮತ್ತೆ ಏಳುತ್ತೆ. ಆದ್ದರಿಂದ ಈ ರಜಕ್ಕೇ ನೋಡಿ.

ಈಗ ಆ ಕಾಲಂ ವಿಚಾರ. ನಾನು ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್ ಫಾರಂನಲ್ಲಿ ಮನೆಯವರ ಕಸುಬು 'ರೈತ' ಅಂತ ಬರೆದಿದ್ದೆ. ಫಾರಂ ತಗೊಳ್ಳೋ ಗುಮಾಸ್ತರು ನಕ್ಕರು. "ನಿಮ್ಮೋರು ಯಾವಾಗಲೋ ರೈತರಾಗಿದ್ದು? ಕೂಲಿ ಅಂತ ಬರಿ" ಅಂದರು. ಹುಡುಗರೆಲ್ಲ ನೋಡ್ತಿದ್ದರು. ನಾನು ಹೊಡೆದುಹಾಕಿ 'ಕೂಲಿ' ಅಂತ ಬರೆದೆ. ಬದು ಕಂಡಿದ್ದೋನು ನಾನು, ಬಾಯಿ ಬರಲಿಲ್ಲ. ಊರಿಗೆ ಹೋಗಿ ತಾತನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಲಿನೂ ಮಾಡಿವ್ನಿ ಕನ ಮಗ, ಸುಳ್ಳೇನಲ್ಲ. ಎರಡೂ ಬರೆಯೋಕೆ ಜಾಗ ಇರ್ಲಿಲ್ವಾ?" ಅಂದ.

ಸಾವಿನ ಫಾರಂನಲ್ಲಿ 'ರೈತ' ಅಂತ ಬರೆದೆ. ಯಾರೂ ಏನೂ ಕೇಳಲಿಲ್ಲ.

ಆದರೆ ಅಲ್ಲಿಗೆ ಮುಗೀಲಿಲ್ಲ. ತಿಥಿ ಆಗೋದರೊಳಗೆ ಬ್ರೋಕರ್ ಬಂದ. ರಸ್ತೆ ಅಗಲ ಆಗುತ್ತಂತೆ, ಬೆಂಗಳೂರಿನ ಪಾರ್ಟಿ ಇದೆಯಂತೆ, ಮಾರೋಕೆ ಸರ್ಕಾರದ ಅನುಮತಿ ತಾನೇ ಕೊಡಿಸ್ತಾನಂತೆ. ಅವನು ಹೇಳಿದ ಮೊತ್ತ ಕೇಳಿ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಂಗಿ ಬಿ.ಎಡ್. ಫೀಸು, ಬೆಂಗಳೂರಲ್ಲಿ ರೂಮಿನ ಅಡ್ವಾನ್ಸು. ಹೌದು, ಇಲ್ಲಿ ಮೈಕ್ ಹಿಡಿದು ಮಾತಾಡ್ತಿರೋ ನಾನೇ. ನನಗೆ ಕೂರಿಗೆ ಹಿಡಿಯೋಕೂ ಬರಲ್ಲ.

ನಮ್ಮಪ್ಪ "ಓದಿರೋನು ನೀನು, ನೀನೇ ಹೇಳು" ಅಂದರು. ನಾನು ಬಾಯಿ ಬಿಡೋ ಮುಂಚೆ ಒಳಗಿಂದ ದೊಡ್ಡತ್ತೆ ಬಂದು ಬಾಗಿಲಲ್ಲಿ ನಿಂತಳು.

"ನನ್ನ ಮದುವೇಲಿ ಒಂದ್ಸಲ ಹೋಗಿತ್ತು ಆ ಹೊಲ. ಈಗ ಯಾರ ಮದುವೆ?"

ಬ್ರೋಕರ್ ಚಪ್ಪಲಿ ಮೆಟ್ಟಿಕೊಂಡ. ಮತ್ತೆ ಬರ್ತೀನಿ ಅಂದಿದಾನೆ. ನಾಳೆ ಬೆಳಗಿನ ಬಸ್ಸಿಗೆ ನಾನೂ ಊರಿಗೆ ಹೋಗ್ತಿದೀನಿ.