ಬಹುಮತದ ಎಣಿಕೆ ಎಲ್ಲಿ ನಡೆಯಬೇಕು?



ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಹೆಸರುಗಳನ್ನು ನಾವೆಲ್ಲರೂ ಶಾಲೆಯ ಪೌರನೀತಿ ಪುಸ್ತಕದಲ್ಲಿ ಓದಿದ್ದೇವೆ. ಅವುಗಳ ನಡುವಣ ಅಧಿಕಾರದ ಸಮತೋಲವನ್ನು ವ್ಯಾಖ್ಯೆಗಳಿಂದ ಅರಿಯುವುದಕ್ಕಿಂತ ಒಂದು ಮೊಕದ್ದಮೆಯಿಂದ ಅರಿಯುವುದು ಲೇಸು. ಎಸ್.ಆರ್. ಬೊಮ್ಮಾಯಿ ಮತ್ತು ಭಾರತ ಒಕ್ಕೂಟದ ನಡುವಣ ಆ ಮೊಕದ್ದಮೆ ಕರ್ನಾಟಕದಲ್ಲಿ ಹುಟ್ಟಿತಾದರೂ ಅದರ ತೀರ್ಪು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ.

ಬೊಮ್ಮಾಯಿಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲ್‌ನಲ್ಲಿ ಆಡಳಿತ ಪಕ್ಷದ ಒಬ್ಬ ಶಾಸಕರು, ಸರ್ಕಾರಕ್ಕೆ ನೀಡಿದ್ದ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ಹೇಳುವ 19 ಪತ್ರಗಳನ್ನು ರಾಜ್ಯಪಾಲರಿಗೆ ಸಲ್ಲಿಸಿದರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಮರುದಿನವೇ ಆ ಪೈಕಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿತ್ತೆಂದೂ ತಾವು ಸರ್ಕಾರದೊಂದಿಗೇ ಇರುವುದಾಗಿಯೂ ಬರೆದುಕೊಟ್ಟರು. ವಿಧಾನಸಭೆಯನ್ನು ಕರೆಯಲಾಗುವುದು, ಅಲ್ಲಿಯೇ ಬಹುಮತವನ್ನು ತೋರಿಸುವೆವು ಎಂದು ಮುಖ್ಯಮಂತ್ರಿಗಳು ತಿಳಿಸಿದರು. ಅದಕ್ಕೆ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ಸಂವಿಧಾನದ 356ನೆಯ ಅನುಚ್ಛೇದದ ಮೇರೆಗೆ ಸರ್ಕಾರವನ್ನು ವಜಾ ಮಾಡಿ, ವಿಧಾನಸಭೆಯನ್ನು ವಿಸರ್ಜಿಸಲಾಯಿತು.

ಈ ಅನುಚ್ಛೇದದಲ್ಲಿ ಒಂದು ಪದವಿದೆ. ರಾಜ್ಯದ ಆಡಳಿತವು ಸಂವಿಧಾನಾನುಸಾರ ನಡೆಯಲಾಗದೆಂದು ರಾಷ್ಟ್ರಪತಿಗಳಿಗೆ ‘ಮನವರಿಕೆ’ಯಾಗಬೇಕು. ಮನವರಿಕೆ ಯಾರ ಮನಸ್ಸಿನದು? ಅನುವಾದ ಮಾಡುವವರನ್ನು ಇಂತಹ ಪದಗಳು ಬಹಳ ಹೊತ್ತು ಕಾಡುತ್ತವೆ. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು; ಆದುದರಿಂದ ಅದು ವಸ್ತುತಃ ಕೇಂದ್ರ ಕಾರ್ಯಾಂಗದ ಮನವರಿಕೆ. 1975ರ 38ನೆಯ ತಿದ್ದುಪಡಿಯು ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂದು ವಿಧಿಸಿತ್ತು. 1978ರ 44ನೆಯ ತಿದ್ದುಪಡಿ ಆ ನಿರ್ಬಂಧವನ್ನು ತೆಗೆದುಹಾಕಿತು. ಅದನ್ನು ತೆಗೆಯದೆ ಇದ್ದಿದ್ದರೆ ಬೊಮ್ಮಾಯಿಯವರ ಅರ್ಜಿಯ ದಾರಿ ಬಹಳ ದುರ್ಗಮವಾಗುತ್ತಿತ್ತು.

ರಾಜ್ಯದ ಉಚ್ಚ ನ್ಯಾಯಾಲಯವು ಅರ್ಜಿಯನ್ನು ವಜಾ ಮಾಡಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ತೀರ್ಪು ನೀಡಿತು. ಮಂತ್ರಿಗಳು ನೀಡಿದ ಸಲಹೆಯನ್ನು ನ್ಯಾಯಾಲಯ ವಿಚಾರಿಸುವಂತಿಲ್ಲ, ನಿಜ; ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಪರಿಶೀಲಿಸಬಹುದು. ಸಂಸತ್ತಿನ ಉಭಯ ಸದನಗಳು ಘೋಷಣೆಯನ್ನು ಅನುಮೋದಿಸುವವರೆಗೆ ವಿಧಾನಸಭೆಯನ್ನು ವಿಸರ್ಜಿಸಕೂಡದು, ಅಮಾನತಿನಲ್ಲಿಡಬಹುದಷ್ಟೆ. ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ಸದನದಲ್ಲಿ ತೀರ್ಮಾನವಾಗಬೇಕೇ ಹೊರತು ರಾಜಭವನದಲ್ಲಿ ಅಲ್ಲ.

ನ್ಯಾಯಾಂಗವು ಇಲ್ಲಿ ತನ್ನ ಅಧಿಕಾರವನ್ನು ಹಿಗ್ಗಿಸಿಕೊಂಡಿತೆಂದು ಹೇಳುವವರುಂಟು. ಆ ಮಾತು ಪೂರ್ತಿ ಸರಿಯೆಂದು ನನಗೆ ತೋರುವುದಿಲ್ಲ. ಯಾರು ಮುಖ್ಯಮಂತ್ರಿಯಾಗಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಕಾರ್ಯಾಂಗವು ಕೈಗೆತ್ತಿಕೊಂಡಿದ್ದ ಎಣಿಕೆಯ ಕೆಲಸವನ್ನು ಅದು ಶಾಸಕಾಂಗಕ್ಕೆ ಮರಳಿಸಿತು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ 1992ರಲ್ಲಿ ಹೊರಡಿಸಿದ ಘೋಷಣೆಗಳನ್ನು ಅದೇ ಪೀಠವು ಎತ್ತಿಹಿಡಿಯಿತೆಂಬುದನ್ನೂ ಮರೆಯಲಾಗದು.

ಆದರೆ ಕರ್ನಾಟಕದ ಘೋಷಣೆ ಅಸಿಂಧುವೆಂದು ತಿಳಿಯುವ ಹೊತ್ತಿಗೆ ಸುಮಾರು ಐದು ವರ್ಷ ಕಳೆದಿತ್ತು. 1989ರಲ್ಲಿಯೇ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ಗೆದ್ದವರಿಗೆ ಅವರ ಸದನ ಮರಳಿ ದೊರೆಯಲಿಲ್ಲ. ಬಿಹಾರದ ವಿಧಾನಸಭೆಯ 2005ರ ವಿಸರ್ಜನೆಯೂ ಹೀಗೆಯೇ. ಅಸಾಂವಿಧಾನಿಕವೆಂದಾಯಿತು, ಸಭೆ ಮಾತ್ರ ಮರಳಲಿಲ್ಲ. 2016ರಲ್ಲಿ ಅರುಣಾಚಲ ಪ್ರದೇಶದ ಹಿಂದಿನ ಸರ್ಕಾರವನ್ನು ನ್ಯಾಯಾಲಯವು ಪುನಃಸ್ಥಾಪಿಸಿತು. ಅದೇ ವರ್ಷ ಉತ್ತರಾಖಂಡದಲ್ಲಿ ನ್ಯಾಯಾಲಯದ ಆದೇಶದಂತೆ ಸದನದಲ್ಲಿ ಮತಗಣನೆ ನಡೆದು, ಪದಚ್ಯುತ ಮುಖ್ಯಮಂತ್ರಿಗಳು ಅಧಿಕಾರಕ್ಕೆ ಮರಳಿದರು.

2018ರ ಮೇ ತಿಂಗಳಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಕರ್ನಾಟಕಕ್ಕೆ ಬಂದಿತು. ಬಹುಮತ ತೋರಿಸಲು ರಾಜ್ಯಪಾಲರು ಹದಿನೈದು ದಿನಗಳ ಅವಧಿ ನೀಡಿದ್ದರು. ಸರ್ವೋಚ್ಚ ನ್ಯಾಯಾಲಯವು ಅದನ್ನು ಮೊಟಕುಗೊಳಿಸಿ, ಮೇ 19ರಂದು ಸಂಜೆ ನಾಲ್ಕು ಗಂಟೆಗೆ ಸದನದಲ್ಲಿಯೇ ಎಣಿಕೆಯಾಗಬೇಕೆಂದಿತು. ಅಂದು ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಸದನದಲ್ಲಿ ರಾಜೀನಾಮೆಯನ್ನು ಪ್ರಕಟಿಸಿದರು.