ಬೀಗ ಬಿದ್ದ ಮನೆಯ ದೆವ್ವ

ಸಾಸ್ವೆಹಳ್ಳಿ, ಹೊನ್ನಾಳಿ, ಚನ್ನಗಿರಿ ಕಡೆ ಹಳೆಯ ಮನೆಯೊಂದಕ್ಕೆ ನಾಲ್ಕು ವರ್ಷ ಬೀಗ ಬಿದ್ದರೆ ಸಾಕು, ಅದರೊಳಗೆ ದೆವ್ವ ಇದೆ ಅನ್ನುವವರು ಸಿಕ್ಕೇ ಸಿಗುತ್ತಾರೆ. ಮಕ್ಕಳು ಮರಿ ಓಡಾಡುವ ಮನೆಗೆ ಈ ಹೆಸರು ಬರುವುದು ಅಪರೂಪ. ಇದು ಇವತ್ತಿನ ಮಾತಲ್ಲ.

ಸುಮಾರು 1,900 ವರ್ಷಗಳ ಹಿಂದೆ ರೋಮಿನ ಲೇಖಕ ಪ್ಲಿನಿ ಬರೆದ ಕಾಗದವೊಂದರಲ್ಲಿ ಅಥೆನ್ಸ್ ನಗರದ ಮನೆಯ ಕತೆ ಬರುತ್ತದೆ. ಕತ್ತಲಾದರೆ ಅಲ್ಲಿ ಸರಪಳಿ ಸದ್ದು. ಯಾರೂ ನಿಲ್ಲದೆ ಮನೆ ಪಾಳುಬಿತ್ತು. ಬಾಡಿಗೆ ಇಷ್ಟು ಅಗ್ಗ ಯಾಕೆಂದು ಸಂಶಯಪಟ್ಟು, ವಿಚಾರಿಸಿ, ಗೊತ್ತಿದ್ದೂ ಆ ಮನೆ ಹಿಡಿದವನು ಅಥೆನೊಡೋರಸ್ ಎಂಬ ತತ್ತ್ವಜ್ಞಾನಿ. ದೆವ್ವ ತೋರಿಸಿದ ಜಾಗ ಅಗೆಸಿದರೆ ಸಂಕೋಲೆ ಸುತ್ತಿದ ಮೂಳೆ. ಸಂಸ್ಕಾರ ಮುಗಿದ ಮೇಲೆ ಕಾಟ ತಪ್ಪಿತಂತೆ.

ನಮ್ಮ ಕಡೆಯ ವಾಡೆಗಳಿಗೆ ಬನ್ನಿ. ಹಗಲು ಕಾದ ತೊಲೆ ರಾತ್ರಿ ತಣಿಯುವಾಗ ಟಕ್ಕೆನ್ನುತ್ತದೆ. ಅಟ್ಟದಲ್ಲಿ ಬಿಳಿ ಮುಖದ ಗೂಬೆ ಕಿರುಚುತ್ತದೆ. ಇವೆರಡಕ್ಕಿಂತ ಅಪಾಯದ್ದು ಕಾಳು ತುಂಬಿಡುವ ಹಗೇವು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಬಾಯಿ ತೆರೆದವನೇ ಇಳಿದವನು ಸದ್ದಿಲ್ಲದೆ ಕುಸಿಯುತ್ತಾನೆ; ಎತ್ತಲು ಇಳಿದವನದೂ ಅದೇ ಗತಿ. ಕಾರಣ ತಿಳಿಯದವರು ಅದನ್ನು ಕಾಣದ ಕೈಯ ಕೆಲಸ ಅಂದರೆ ತಪ್ಪೇನು? ತಿಳಿದ ರೈತ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಇಳಿಯುತ್ತಿರಲಿಲ್ಲ.

ಮನೆಗಳು ಮೇಲಕ್ಕೆದ್ದಂತೆ ದೆವ್ವವೂ ಮಹಡಿ ಹತ್ತಿತು. ನ್ಯೂಯಾರ್ಕಿನಲ್ಲಿ 1884ರಲ್ಲಿ ಪೂರ್ಣಗೊಂಡ ಡಕೋಟಾ ಅಪಾರ್ಟ್‌ಮೆಂಟಿನಲ್ಲಿ ಹಳೇ ಕಾಲದ ಉಡುಪಿನ ಹುಡುಗಿ ಕಾಣಿಸುತ್ತಾಳೆಂಬ ಮಾತಿದೆ. 1968ರ 'ರೋಸ್‌ಮೆರಿಸ್ ಬೇಬಿ' ಸಿನಿಮಾ ಅದರ ಹೊರಗೋಡೆಗಳನ್ನು ತೋರಿಸಿ ಅಂಜಿಕೆಯನ್ನು ಜಗತ್ತಿಗೇ ಹಂಚಿತು. 1980ರಲ್ಲಿ ಗಾಯಕ ಜಾನ್ ಲೆನನ್ ಕೊಲೆ ಅದರ ಬಾಗಿಲಲ್ಲೇ ಆಯಿತು; ಕತೆಗಳು ಇನ್ನೂ ಬೆಳೆದವು.

ನಮ್ಮಲ್ಲಿ 1990ರ ದಶಕದಲ್ಲಿ, ರಾತ್ರಿ ಕದ ತಟ್ಟುವ ದೆವ್ವವನ್ನು ಸಾಗಹಾಕಲೆಂದು, ಬಾಗಿಲು ಬಾಗಿಲಿಗೂ 'ನಾಳೆ ಬಾ' ಬರಹ ಬಿತ್ತು. ಆಮೇಲೆ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಟೆರ್ರಾ ವೆರಾ. 1943ರ ಬಂಗಲೆ. 2002ರಲ್ಲಿ ಅಲ್ಲಿದ್ದ ವೃದ್ಧೆಯೊಬ್ಬರ ಕೊಲೆಯಾಗಿ ಮನೆ ಖಾಲಿಯಾಯಿತು. ದೆವ್ವ ನೋಡುತ್ತೇವೆಂದು ಹುಡುಗರು ರಾತ್ರಿ ಹೊತ್ತು ಕಾಂಪೌಂಡ್ ಹಾರತೊಡಗಿದರು. ಬಂಗಲೆ ಈಗಿಲ್ಲ, ಕತೆಯಿದೆ. ಆದರೆ ಆ ಕತೆಯಲ್ಲಿ ಸತ್ತ ಹೆಂಗಸಿನ ಸಂಕಟಕ್ಕಿಂತ ದೆವ್ವದ ಗೆಜ್ಜೆಯೇ ಜೋರು.

ದೆವ್ವ ಇದೆಯೋ ಇಲ್ಲವೋ ಎಂಬ ವಾದ ಬಿಡಿ. ನಿಮ್ಮೂರಿನ ಅಂಥ ಮನೆಯಲ್ಲಿ ಯಾರಿದ್ದರು, ಯಾಕೆ ಬಿಟ್ಟು ಹೋದರು, ಪಾಲಿನ ವ್ಯಾಜ್ಯವೋ, ಸಾಲವೋ, ಹೊಟ್ಟೆಪಾಡೋ, ಓಣಿಯ ಅಜ್ಜಂದಿರನ್ನು ಕೇಳಿ. ದೆವ್ವದ ಕತೆ ಐದು ನಿಮಿಷಕ್ಕೆ ಮುಗಿದೀತು. ಅವರ ಉತ್ತರಕ್ಕೆ ಒಂದು ಸಂಜೆ ಬಿಡುವು ಮಾಡಿಕೊಂಡು ಹೋಗಿ.