ಗ್ವೆನ್ ಮನೆಯ ಗೋಡೆ ಯಾಕೆ ಕರಗುತ್ತೆ?

ಇವತ್ತು ಒಂದೇ ಸಿನಿಮಾ, ಅದರಲ್ಲೂ ಹೆಚ್ಚುಕಡಿಮೆ ಒಂದೇ ಮನೆ. ಸಿನಿಮಾ 2023ರಲ್ಲಿ ಬಂದ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್'. ಮನೆ ಗ್ವೆನ್ ಸ್ಟೇಸಿದು. ಕಥೆಯ ಒಂದೆರಡು ಗುಟ್ಟು ಹೊರಗೆ ಬರುತ್ತೆ, ಇನ್ನೂ ನೋಡಿಲ್ಲದೋರು ಇಲ್ಲೇ ನಿಲ್ಲಿಸಿ ನೋಡ್ಕೊಂಡು ಬನ್ನಿ.

ಗ್ವೆನ್ ತನ್ನ ಲೋಕದ ಸ್ಪೈಡರ್-ವುಮನ್. ಅವಳಪ್ಪ ಜಾರ್ಜ್ ಪೊಲೀಸ್ ಕ್ಯಾಪ್ಟನ್. ಮಗಳ ಗೆಳೆಯ ಪೀಟರ್ ಸತ್ತಿದ್ದು ಸ್ಪೈಡರ್-ವುಮನ್‌ನಿಂದಲೇ ಅಂತ ನಂಬಿ ಅವಳನ್ನ ಹುಡುಕ್ತಿರೋ ಮನುಷ್ಯ. ಆ 'ಕೊಲೆಗಾರ್ತಿ' ತನ್ನ ಮನೇಲೇ ಇದ್ದಾಳೆ ಅನ್ನೋದು ಅವನಿಗೆ ಗೊತ್ತಿಲ್ಲ. ಕೊನೆಗೊಂದು ದಿನ ಅವಳು ಮುಖವಾಡ ತೆಗೀತಾಳೆ. ಆಗಲೂ ಅವನು ಮಗಳನ್ನ ಅಪ್ಪಿಕೊಳ್ಳಲ್ಲ, ಅರೆಸ್ಟ್ ಮಾಡೋಕೆ ಹೊರಡ್ತಾನೆ. ಅವಳು ಬೇರೆ ಲೋಕಕ್ಕೆ ಹೊರಟುಹೋಗ್ತಾಳೆ.

ಸಿನಿಮಾ ಮುಗಿಯೋ ಹೊತ್ತಿಗೆ ವಾಪಸ್ ಬರ್ತಾಳಲ್ಲ, ನಾನು ಹೇಳ್ತಿರೋದು ಆ ದೃಶ್ಯ. ಅಪ್ಪ ಮಗಳು ಒಂದೇ ಮನೇಲಿ ದೂರ ದೂರ ನಿಂತಿದ್ದಾರೆ. ಹಿಂದಿರೋದು ಜಲವರ್ಣದ ಚಿತ್ರದ ಥರ, ಅಗಲ ಕುಂಚದಲ್ಲಿ ಬಳಿದ ಹಾಗೆ. ಅವರ ಮಾತು ಬಿಗಿಯಾದಾಗ ಮನೆ ತಣ್ಣಗಾಗುತ್ತೆ. ಗೋಡೆ ಮೇಲಿನ ಬಣ್ಣ ಒಣಗದ ಪೇಂಟ್ ಹಾಗೆ ಕೆಳಗೆ ಇಳಿಯೋಕೆ ಶುರುವಾಗುತ್ತೆ. ಆಮೇಲೆ ಅಪ್ಪ, ತಾನು ಪೊಲೀಸ್ ಕೆಲಸ ಬಿಟ್ಟೆ ಅಂತ ಹೇಳ್ತಾನೆ. ಬಣ್ಣ ಮೆತ್ತಗಾಗುತ್ತೆ, ಬೆಚ್ಚಗಾಗುತ್ತೆ. ನಮ್ಮನೆಗಳಲ್ಲಿ ಅಪ್ಪಂದಿರು ಸಾರಿ ಅನ್ನಲ್ಲ, 'ಊಟ ಆಯ್ತಾ' ಅಂತಾರೆ. ಆ 'ಊಟ ಆಯ್ತಾ' ಒಳಗೆ ಏನೇನಿರುತ್ತೋ ಅದನ್ನ ಇಲ್ಲಿ ಗೋಡೆ ಹೇಳ್ತಿದೆ.

ಇದರಲ್ಲಿ ದೊಡ್ಡ ವಿಷಯ ಏನು ಅಂತೀರಾ? ಸಾಮಾನ್ಯವಾಗಿ ಕಂಪ್ಯೂಟರ್ ಅನಿಮೇಷನ್‌ನಲ್ಲಿ ಗೋಡೆಗೆ ಒಂದು ಬಣ್ಣ ಕೊಡ್ತಾರೆ, ರೂಮಿನಲ್ಲಿ ಒಂದು ದೀಪ ಇಡ್ತಾರೆ. ಬೆಳಕು ಎಲ್ಲಿ ಬೀಳುತ್ತೆ, ನೆರಳು ಎಷ್ಟು ಅನ್ನೋ ಲೆಕ್ಕ ಕಂಪ್ಯೂಟರ್‌ದು. ಗೋಡೆ ನೀಲಿಯಾದ್ರೆ ಅದಕ್ಕೆ ಕಿಟಕಿಯೋ ಬಲ್ಬೋ ಕಾರಣ. ಗ್ವೆನ್ ಲೋಕದಲ್ಲಿ ಬಣ್ಣಕ್ಕೆ ಕಾರಣ ಅವಳ ಮನಸ್ಸು. ಬೆರಳಿಗೆ ಹಾಕಿದ್ರೆ ಬಣ್ಣ ಬದಲಾಯಿಸೋ ಮೂಡ್ ರಿಂಗ್ ಬರುತ್ತಲ್ಲ, ಸಿನಿಮಾ ಮಾಡಿದವರೇ ಈ ಲೋಕವನ್ನ ಅದಕ್ಕೆ ಹೋಲಿಸಿದ್ದಾರೆ. ಮೂಲ 2014ರಲ್ಲಿ ಶುರುವಾದ ಕಾಮಿಕ್ಸ್: ಚಿತ್ರ ರಾಬಿ ರೊಡ್ರಿಗೆಜ್‌ದು, ಬಣ್ಣ ರಿಕೊ ರೆಂಝಿದು. ಪೇಪರ್ ಮೇಲೆ ನಿಂತಿದ್ದ ಆ ಗುಲಾಬಿ, ನೇರಳೆ, ತಿಳಿನೀಲಿಯನ್ನ ಓಡಾಡೋ ಹಾಗೆ ಮಾಡ್ಬೇಕಿತ್ತು. ಕ್ಯಾಮೆರಾ ತಿರುಗಿದ್ರೂ ಅದು ಕುಂಚದ ಗೀಟಾಗೇ ಕಾಣ್ಬೇಕು, ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಥರ ಕಾಣ್ಬಾರದು. ಅದಕ್ಕೆ ಅಂತಲೇ ಸಾಫ್ಟ್‌ವೇರ್ ಬರೀಬೇಕಾಯ್ತು.

ಉಳಿದ ಲೋಕಗಳು ಬೇರೆಬೇರೆ ಥರ. ಪವಿತ್ರ್ ಪ್ರಭಾಕರ್‌ನ ಮುಂಬ್ಯಾಟನ್‌ಗೆ ನಮ್ಮ ಹಳೇ ಇಂದ್ರಜಾಲ್ ಕಾಮಿಕ್ಸ್ ಸ್ಫೂರ್ತಿ. ನಿಮ್ಮ ಮಾವನ ಹಳೇ ಟ್ರಂಕಲ್ಲಿ ಫ್ಯಾಂಟಮ್ ಪುಸ್ತಕ ಇದ್ರೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ಹೋಬಿ, ಅಂದ್ರೆ ಸ್ಪೈಡರ್-ಪಂಕ್, ಹರಿದ ಪೋಸ್ಟರ್ ಅಂಟಿಸಿದ ಹಾಗಿದ್ದಾನೆ. ಅವನ ಮೈ ಒಂದು ವೇಗದಲ್ಲಿ, ಜಾಕೆಟ್ ಇನ್ನೊಂದು ವೇಗದಲ್ಲಿ ಅಲ್ಲಾಡುತ್ತೆ. ನನಗೆ ತುಂಬಾ ಇಷ್ಟ. ಆದ್ರೂ ಅದು ತಮಾಷೆಗೆ ಹೆಚ್ಚು, ಕಥೆಗೆ ಕಡಿಮೆ. ಗ್ವೆನ್ ಬಣ್ಣ ಹಾಗಲ್ಲ, ಅದನ್ನ ತೆಗೆದ್ರೆ ಕಥೆನೇ ಅರ್ಧ ಹೋಗುತ್ತೆ.

ಈಗ ಬಿಕಾಂ ತಲೆ ಸ್ವಲ್ಪ ಕೆಲಸ ಮಾಡ್ಲಿ. ಬೆಳಕಿನ ಲೆಕ್ಕ ಯಂತ್ರಕ್ಕೆ ಬಿಟ್ಟುಕೊಡದೇ ಇದ್ರೆ ಆ ಲೆಕ್ಕ ಯಾರು ಮಾಡ್ತಾರೆ? ಮನುಷ್ಯರು. ಸುಮಾರು ಸಾವಿರ ಜನ ದುಡಿದ ಸಿನಿಮಾ ಇದು. ಬಿಡುಗಡೆಯಾದ ಅದೇ ಜೂನ್‌ನಲ್ಲಿ ಅಮೆರಿಕದ ವಲ್ಚರ್ ಅನ್ನೋ ವೆಬ್‌ಸೈಟ್, ಹೌದು, ಸಿನಿಮಾದಲ್ಲಿ ಬರೋ ವಿಲನ್ ಹೆಸರೇ, ಒಂದು ವರದಿ ಹಾಕ್ತು. ಹೆಸರು ಹೇಳದ ನಾಲ್ಕು ಜನ ಕೆಲಸಗಾರರು ಮಾತಾಡಿದ್ರು. ಮುಗಿದ ಶಾಟ್‌ಗಳನ್ನ ಮತ್ತೆಮತ್ತೆ ಬದಲಾಯಿಸ್ತಿದ್ರು, ದಿನಕ್ಕೆ 11 ಗಂಟೆಗೂ ಹೆಚ್ಚು, ವಾರದ ಏಳೂ ದಿನ ಕೆಲಸ, ಸುಮಾರು 100 ಕಲಾವಿದರು ಸಿನಿಮಾ ಮುಗಿಯೋ ಮುಂಚೆನೇ ಬಿಟ್ಟುಹೋದ್ರು ಅಂತ. ಸೋನಿ ಕಡೆಯವರು ಈ ಚಿತ್ರಣ ಒಪ್ಪಲಿಲ್ಲ. ಸಿನಿಮಾ ಅಂದ್ರೆ ಬದಲಾವಣೆ ಇದ್ದದ್ದೇ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ರು.

ಕಾಸ್ಟ್ ಅಕೌಂಟಿಂಗ್ ಓದಿರೋರಿಗೆ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ನೆನಪಿರಬೇಕು. ಎಣ್ಣೆ ಕಾಯಿಸುವಾಗ ಸ್ವಲ್ಪ ಆವಿಯಾಗುತ್ತೆ, ಅದು ನಾರ್ಮಲ್. ಡ್ರಮ್ಮೇ ಉರುಳಿ ಚೆಲ್ಲಿದ್ರೆ ಅಬ್‌ನಾರ್ಮಲ್, ಅದನ್ನ ಬೇರೆ ಖಾತೇಲಿ ತೋರಿಸ್ಬೇಕು. ವರದಿ ನಿಜ ಆಗಿದ್ರೆ, 100 ಜನರನ್ನ ನಾನು ಮೊದಲನೇ ಕಾಲಂಗೆ ಹಾಕಲ್ಲ. ದೃಶ್ಯ ಚೆನ್ನಾಗಿದೆ, ನಾನು ಮತ್ತೆ ನೋಡ್ತೀನಿ, ನೀವೂ ನೋಡಿ. ಆದ್ರೆ ಆ ಗೋಡೆಯಿಂದ ಬಣ್ಣ ಇಳಿಯುವಾಗ ಅದನ್ನ ಎಷ್ಟನೇ ಸಲ ಇಳಿಸಿರ್ತಾರೋ ಅನ್ನೋ ಯೋಚನೆ ನನಗಂತೂ ಬರುತ್ತೆ.

ಅಷ್ಟು ಕಷ್ಟಪಟ್ಟು ಬಳಿದಿದ್ದನ್ನ ನೀವು ಫೋನಲ್ಲಿ ಹಾಳುಮಾಡ್ಬೇಡಿ. ನಿಮ್ಮಲ್ಲಿ ಅರ್ಧ ಜನ ಕಣ್ಣಿಗೆ ಒಳ್ಳೇದು ಅಂತ ಐ ಕಂಫರ್ಟೋ ನೈಟ್ ಲೈಟೋ ಆನ್ ಇಟ್ಟಿರ್ತೀರಾ. ಅದು ಪರದೆಯ ನೀಲಿಯನ್ನ ಕಡಿಮೆ ಮಾಡಿ ಎಲ್ಲಕ್ಕೂ ಹಳದಿ ಬಳಿಯುತ್ತೆ. ಅಪ್ಪ ಮಗಳ ಜಗಳ ಶುರುವಾಗೋ ಮುಂಚೆನೇ ಮನೆ ಬೆಚ್ಚಗಾಗಿಬಿಟ್ರೆ ರಾಜಿ ಆದಾಗ ಬದಲಾಗೋಕೆ ಏನು ಉಳೀತು? ಆಫ್ ಮಾಡಿ.

ಟಿವಿಯಲ್ಲಿ ನೋಡೋದಾದ್ರೆ ಮೋಷನ್ ಸ್ಮೂದಿಂಗ್ ಕೂಡ ಆಫ್ ಮಾಡಿ. ಕಂಪನಿಗೊಂದು ಹೆಸರಿಟ್ಟಿರ್ತಾರೆ, ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಹುಡುಕಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಇಲ್ಲಿ ಎಷ್ಟೋ ಕಡೆ ಒಂದೊಂದು ಭಂಗಿಯನ್ನ ಎರಡೆರಡು ಫ್ರೇಮ್ ಬೇಕಂತಲೇ ನಿಲ್ಲಿಸಿದ್ದಾರೆ, ಪುಟ ತಿರುಗಿಸಿದ ಹಾಗಿರಲಿ ಅಂತ. 2018ರ ಮೊದಲ ಭಾಗದಲ್ಲಿ ಮೈಲ್ಸ್ ಹೊಸಬ, ತಡವರಿಸ್ತಾನೆ ಅಂತ ತೋರಿಸೋಕೂ ಇದನ್ನೇ ಬಳಸಿದ್ರು. ಟಿವಿ ಮಾತ್ರ ತಾನೇ ಜಾಣ ಅಂದ್ಕೊಂಡು ನಡುವಿನ ಜಾಗ ತುಂಬಿಸುತ್ತೆ. ಯಾರಾದ್ರೂ 'ಲ್ಯಾಗ್ ಹೊಡೀತಿದೆ' ಅಂದ್ರೆ ನೆಟ್‌ಗೆ ಬೈಬೇಡಿ, ಅದು ಇರೋದೇ ಹಾಗೆ.

ಈ ಸಿನಿಮಾ ಕನ್ನಡಕ್ಕೂ ಡಬ್ ಆಗಿ ಬಂದಿತ್ತು. ಕನ್ನಡದಲ್ಲಿ ನೋಡಿದೋರು ಆ ಕೊನೇ ದೃಶ್ಯ ಹೇಗಿತ್ತು ಅಂತ ವಾಯ್ಸ್ ನೋಟ್ ಕಳಿಸಿ. ಒಂದು ನಿಮಿಷದೊಳಗೆ ಇರಲಿ, ಹಿಂದೆ ಮಿಕ್ಸಿ ಓಡ್ತಿರಬಾರದು.